ಆರ್ಡರ್ ಕೈಗೆ ಬಂತೇನಪ್ಪ?

ನಾನು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿಗೆ ಗುಮಾಸ್ತನಾಗಿ ಸೇರಿದ್ದು 1978ರಲ್ಲಿ. ಹೊಸಬನೆಂದು ನನಗೆ ಕೊಟ್ಟ ಸೀಟು ರಾಜೀನಾಮೆಗಳದು. ಬಂದ ಪತ್ರಕ್ಕೆ ಇನ್‌ವರ್ಡ್ ನಂಬರು ಹಾಕುವ ಮೊದಲು ಸೂಪರಿಂಟೆಂಡೆಂಟರಿಗೆ ತೋರಿಸಬೇಕಿತ್ತು. ಅವರು ಪತ್ರವನ್ನು ಓದುತ್ತಲೇ ಇರಲಿಲ್ಲ. ಎದುರಿಗೆ ನಿಂತ ಆಸಾಮಿಯನ್ನು ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದುದು ಒಂದೇ ಮಾತು: “ಆರ್ಡರ್ ಕೈಗೆ ಬಂತೇನಪ್ಪ?”

ಬಂದಿದೆ ಅಂದರೆ ನಂಬರು ಬೀಳುತ್ತಿತ್ತು. “ಬರುತ್ತೆ ಸಾರ್, ಸೆಲೆಕ್ಟ್ ಆಗಿದೀಯ ಅಂತ ಹೇಳಿದಾರೆ” ಅಂದರೆ ಪತ್ರ ಅವರ ಮೇಜಿನ ಗಾಜಿನ ಕೆಳಗೆ, ತಿರುಪತಿ ತಿಮ್ಮಪ್ಪನ ಚಿತ್ರದ ಪಕ್ಕಕ್ಕೆ ಸರಿಯುತ್ತಿತ್ತು. “ಬಂದ ದಿನ ಬಾ, ನಂಬರ್ ಹಾಕೋಣ” ಅನ್ನುತ್ತಿದ್ದರು. ನಿಯಮದ ಪ್ರಕಾರ ಇದು ತಪ್ಪು; ಬಂದ ಕಾಗದಕ್ಕೆ ಬಂದ ದಿನವೇ ನಂಬರು ಬೀಳಬೇಕು. ಆದರೆ ಆ ಗಾಜಿನ ಕೆಳಗೆ ಹಳದಿಗಟ್ಟಿದ ಪತ್ರಗಳ ಯಜಮಾನರು ಅನೇಕರು ನಮ್ಮಲ್ಲೇ ದುಡಿದು, ಹಾರ ಹಾಕಿಸಿಕೊಂಡು ನಿವೃತ್ತರಾದರು.

ಮುಂದಿನ ಕೆಲಸ ಗಟ್ಟಿಯಾಗದೆ ಇರುವ ಕೆಲಸ ಬಿಡಬಾರದು ಎನ್ನುವುದನ್ನು ಜನ ಹಿರಿಯರ ಬುದ್ಧಿಮಾತು ಅಂತ ತಿಳಿದಿದ್ದಾರೆ. ಇಲ್ಲವೇ ನಮ್ಮಂಥ ಸಂಬಳದವರ ಪುಕ್ಕಲುತನ ಅಂತ ನಗುತ್ತಾರೆ. ಆ ಕಾಗದಗಳ ನಡುವೆ 36 ವರ್ಷ ಕೂತವನಿಗೆ ಅನ್ನಿಸಿದ್ದೇ ಬೇರೆ. ಈ ಅಭ್ಯಾಸವನ್ನು ನಮಗೆ ಕಲಿಸಿದವರು ಮಾಲೀಕರು. ಬಿಟ್ಟುಹೋಗುವವನನ್ನು ಕಟ್ಟಿಹಾಕಲು ಅವರು ಒಂದೊಂದೇ ಕಾಗದ ಹುಟ್ಟಿಸಿದರು. ಆ ಕಾಗದ ಕೈಗೆ ಸಿಗುವತನಕ ಬಾಯಿ ಬಿಡಬಾರದೆಂದು ದುಡಿಯುವವನು ಏಟು ತಿಂದು ಕಲಿತ.

ನಮ್ಮೂರು ಅರಕಲಗೂಡು ತಾಲ್ಲೂಕಿನದು. ಗುಡ್ಡ ಹತ್ತಿ ಇಳಿದರೆ ಕೊಡಗು. ನನ್ನ ಅಮ್ಮನ ತಂದೆ ಅಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್ ಬರೆಯುವುದು, ಲೈನ್ ಮನೆಗಳ ಅಕ್ಕಿ ಲೆಕ್ಕ ಇಡುವುದು, ದೊರೆಗೆ ಸಂಜೆ ವರದಿ ಒಪ್ಪಿಸುವುದು ಅವರ ಕೆಲಸ. ತೋಟಕ್ಕೆ ಆಳುಗಳನ್ನು ತರುತ್ತಿದ್ದವನು ಮೇಸ್ತ್ರಿ. ಅವನು ದೊರೆಯಿಂದ ಮುಂಗಡ ಪಡೆದು ಬಯಲುಸೀಮೆಯ ಹಳ್ಳಿಗಳಲ್ಲಿ ಹಂಚುತ್ತಿದ್ದ. ಮುಂಗಡ ತಿಂದವರು ಘಟ್ಟ ಹತ್ತುತ್ತಿದ್ದರು. ಅಜ್ಜನ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಪಟ್ಟಿ ಇರುತ್ತಿತ್ತಂತೆ, ಓಡಿಹೋದವರದು. ‘ಬಿಟ್ಟವರು’ ಅಂತ ಒಂದು ಪಟ್ಟಿ ಇತ್ತೇ ಎಂದು ನಾನು ಹುಡುಗನಾಗಿದ್ದಾಗ ಕೇಳಿದ್ದೆ. “ಬಿಡೋಕೆ ಎಲ್ಲಿತ್ತೋ ಮಗ, ಒಂದೋ ಇದ್ದ, ಇಲ್ಲ ಓಡಿಹೋದ” ಅಂದಿದ್ದರು.

ಆ ಮಾತಿನ ಹಿಂದೆ ಒಂದು ಕಾಯಿದೆ ಇತ್ತೆಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ, ಕಾರ್ಮಿಕ ಕಾನೂನಿನ ಡಿಪ್ಲೊಮಾ ಓದುವಾಗ. 1859ರ 13ನೇ ಕಾಯಿದೆ ಅದು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ವಾಪಸು ಕೊಡು, ಇಲ್ಲವೇ ಕೆಲಸಕ್ಕೆ ಮರಳು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಕಲ್ಕತ್ತ, ಮದರಾಸು, ಮುಂಬಯಿ ಪಟ್ಟಣಗಳ ಕುಶಲಕರ್ಮಿಗಳಿಗೆಂದು ಮಾಡಿದ ಈ ಕಾನೂನು ಹಬ್ಬುತ್ತಾ ಅಸ್ಸಾಮಿನ ಟೀ ತೋಟ, ಕೊಡಗಿನ ಕಾಫಿ ತೋಟ ಎಲ್ಲ ಕಡೆಯೂ ತೋಟದ ಮಾಲೀಕರ ಕೈಯ ಬೆತ್ತವಾಯಿತು. ಬೇರೆ ಎಲ್ಲ ಕರಾರುಗಳನ್ನು ಮುರಿದರೆ ಸಿವಿಲ್ ದಾವೆ, ಕೂಲಿಯ ಕರಾರು ಮುರಿದರೆ ಮಾತ್ರ ಜೈಲು! 1925ರಲ್ಲಿ ಇದನ್ನು ರದ್ದು ಮಾಡಿದರು. ಅಲ್ಲಿಯವರೆಗೆ 66 ವರ್ಷ, ಕೆಲಸ ಬಿಡುವುದೇ ಒಂದು ಅಪರಾಧ.

ಸಮುದ್ರದಾಚೆ ಸಿಲೋನಿನ ಟೀ ತೋಟಗಳಲ್ಲಿ ಇನ್ನೊಂದು ಉಪಾಯ ನಡೆಯುತ್ತಿತ್ತು. ಅಲ್ಲಿ ಮೇಸ್ತ್ರಿಯ ಜಾಗದಲ್ಲಿ ಕಂಕಾಣಿ. ಅವನ ಗುಂಪು ತೋಟ ಬದಲಿಸಬೇಕೆಂದರೆ ತೋಟದ ದೊರೆಯಿಂದ ‘ತುಂಡು’ ಪಡೆಯಬೇಕಿತ್ತು. ತಮಿಳಿನ ತುಂಡು, ನಮ್ಮ ತುಂಡು ಎರಡೂ ಒಂದೇ. ಒಂದು ಚೂರು ಕಾಗದ. ಈ ಗುಂಪಿನ ಸಾಲ ಇಷ್ಟು, ಅದನ್ನು ತೀರಿಸಿದವರಿಗೆ ಇವರನ್ನು ಬಿಟ್ಟುಕೊಡುತ್ತೇನೆ ಎಂಬುದು ಅದರ ಒಕ್ಕಣೆ. ಕಂಕಾಣಿ ಅದನ್ನು ಹಿಡಿದು ತೋಟದಿಂದ ತೋಟಕ್ಕೆ ಅಲೆಯುತ್ತಿದ್ದ. ಹೊಸ ದೊರೆ ಒಪ್ಪಿ ಹಣ ಕಟ್ಟಿದ ಮೇಲೆ ಗುಂಪು ಹಳೆಯ ತೋಟ ಬಿಡುತ್ತಿತ್ತು, ಬೆನ್ನ ಮೇಲೆ ಸಾಲ ಇನ್ನಷ್ಟು ಏರಿಸಿಕೊಂಡು. 1921ರಲ್ಲಿ ತುಂಡು ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದರು. ಈಗಿನ ಹುಡುಗರು “ನೋಟಿಸ್ ಪೀರಿಯಡ್ಡನ್ನ ಹೊಸ ಕಂಪನಿಯವರೇ ಬೈಔಟ್ ಮಾಡ್ತಾರೆ ಅಂಕಲ್” ಎಂದು ಹೆಮ್ಮೆಯಿಂದ ಹೇಳುವಾಗ ನನಗೆ ಈ ತುಂಡು ನೆನಪಾಗಿ ಸುಮ್ಮನಾಗುತ್ತೇನೆ. ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಸಿಲೋನಿನ ಕೂಲಿಗೆ ಎ.ಸಿ. ಕ್ಯಾಬ್ ಇರಲಿಲ್ಲ.

ದೂರದ ಸಿಲೋನ್ ಯಾಕೆ, ನಮ್ಮೂರಿನಲ್ಲೇ ನೋಡಿದ್ದೇನೆ. ವರ್ಷದ ಆಳು ಅಂದರೆ ಯುಗಾದಿಯಿಂದ ಯುಗಾದಿಗೆ. ಹಬ್ಬಕ್ಕೆ ಮುಂಚಿನ ಹದಿನೈದು ದಿನ ಆಳುಮಕ್ಕಳು ಸಂಜೆ ಹೊತ್ತು ಬೇರೆ ಗೌಡರ ಜಗಲಿಯ ಹತ್ತಿರ ಸುಳಿದಾಡುತ್ತಿದ್ದರು. ಹೊಸ ಮನೆಯಲ್ಲಿ ಕಂಬಳಿ, ಚಪ್ಪಲಿ, ಇಷ್ಟು ಪಲ್ಲ ರಾಗಿ ಎಂದು ಮಾತು ಮುಗಿದ ಮೇಲೆಯೇ ಹಳೆಯ ಮನೆಯಲ್ಲಿ “ಈ ವರ್ಷ ಬ್ಯಾಡ ಕಣ್ ಬುದ್ಧಿ” ಎನ್ನುವುದು. ಜೀತಕ್ಕಿದ್ದವನಿಗೆ ಆ ಸುಳಿದಾಟವೂ ಇರಲಿಲ್ಲ. ಅವನ ಸಾಲವನ್ನು ಹೊಸಬ ಚುಕ್ತಾ ಮಾಡಿ ಬಿಡಿಸಿಕೊಳ್ಳಬೇಕಿತ್ತು. ಜೀತಪದ್ಧತಿಯನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ, ನಾನು ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು.

ಬೆಂಗಳೂರಿನ ದಂಡುಪ್ರದೇಶದಲ್ಲಿ ಸಾಹೇಬರ ಮನೆಯ ಬಟ್ಲರ್, ಅಡಿಗೆಯವ, ಆಯಾ ಇವರಿಗೆ ಇನ್ನೊಂದು ಕಾಗದ ಬೇಕಿತ್ತು: ಚಿಟ್. ನಮ್ಮ ಚೀಟಿಯ ನೆಂಟ, ಹಿಂದಿಯ ಚಿಟ್ಠಿ, ಇಂಗ್ಲಿಷಿಗೆ ಹೋಗಿ ಬಾಲ ಕತ್ತರಿಸಿಕೊಂಡ ಪದ. ಬಿಡುವಾಗ ದೊರೆಸಾನಿ “ನಂಬಿಕಸ್ಥ, ಕುಡಿಯುವುದಿಲ್ಲ” ಅಂತ ಬರೆದುಕೊಟ್ಟರೆ ಮುಂದಿನ ಬಂಗಲೆಯ ಬಾಗಿಲು ತೆರೆಯುತ್ತಿತ್ತು. ಮುನಿಸಿಕೊಂಡು ಬಿಟ್ಟವನಿಗೆ ಚಿಟ್ ಇಲ್ಲ, ಚಿಟ್ ಇಲ್ಲದವನಿಗೆ ಮನೆಯಿಲ್ಲ. ಇಂದಿನ ರಿಲೀವಿಂಗ್ ಲೆಟರಿನ ಅಜ್ಜಿ ಇದು.

ಆಮೇಲೆ ಕಾರ್ಖಾನೆಗಳು ಬಂದವು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ತಿಂಗಳ ಸಂಬಳ, ಕ್ವಾರ್ಟರ್ಸ್, ಕ್ಯಾಂಟೀನ್, ಕಾರ್ಖಾನೆಯ ಬಸ್ಸು. ಬಿಡುವವನಿಗೆ ಜೈಲಿನ ಭಯ ಹೋಗಿತ್ತು. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ ಮಾದರಿ ನಿಯಮದಂತೆ ತಿಂಗಳ ಸಂಬಳದ ಕಾಯಂ ಕೆಲಸಗಾರ ಒಂದು ತಿಂಗಳ ನೋಟಿಸು ಕೊಟ್ಟರೆ ಮುಗಿಯಿತು. ಕೇಳಲು ಎಷ್ಟು ಸುಲಭ! ಆ ಒಂದು ತಿಂಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದು ನನ್ನ ಮೇಜಿಗೆ ಗೊತ್ತಿತ್ತು.

‘ನೋ ಡ್ಯೂಸ್’ ಅಂತ ಒಂದು ಹಾಳೆ. ಟೂಲ್ ರೂಮು, ಲೈಬ್ರರಿ, ಕ್ಯಾಂಟೀನು, ಕ್ವಾರ್ಟರ್ಸ್, ಗುರುತಿನ ಚೀಟಿ, ಎಲ್ಲ ಕಡೆ ಸಹಿಯಾಗಬೇಕು. ಎಲ್ಲಕ್ಕಿಂತ ಕಷ್ಟದ ಸಹಿ ಸಹಕಾರ ಸಂಘದ್ದು. ಮದುವೆಗೆಂದೋ ಸೈಟಿಗೆಂದೋ ಸಾಲ ತೆಗೆದಿರದವನು ಕಾರ್ಖಾನೆಯಲ್ಲಿ ಇರಲಿಲ್ಲ. ಪ್ರತಿ ಸಾಲಕ್ಕೂ ಇಬ್ಬರು ಜಾಮೀನುದಾರರು, ಪಕ್ಕದ ಲೇತಿನವರೇ. ರಾಜೀನಾಮೆಯ ಸುದ್ದಿ ಹಬ್ಬಿದ ಸಂಜೆಯೇ ಜಾಮೀನುದಾರರು ಮನೆ ಬಾಗಿಲಿಗೆ ಬರುತ್ತಿದ್ದರು. ಒಬ್ಬ ಟರ್ನರ್ ಹೀಗೆ ಬಾಯಿ ಬಿಟ್ಟಾಗ ಜಾಮೀನುದಾರನ ಹೆಂಡತಿ ನಮ್ಮ ಕಚೇರಿಯಲ್ಲೇ ಕೂತು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಆದ್ದರಿಂದ ಆರ್ಡರು ಬಂದರೂ ಕೊನೆಯ ಗಳಿಗೆಯತನಕ ಹೆಂಡತಿಗೂ ಹೇಳದವರಿದ್ದರು.

ಐದು ವರ್ಷದ ಲೆಕ್ಕ ಇನ್ನೊಂದು. 1972ರ ಗ್ರಾಚ್ಯುಟಿ ಕಾಯಿದೆಯಂತೆ ಐದು ವರ್ಷ ಸತತ ಸೇವೆ ಆಗಿದ್ದರೆ ವರ್ಷಕ್ಕೆ 15 ದಿನದ ಸಂಬಳ ಸಿಗುತ್ತಿತ್ತು. ನಾಲ್ಕೂವರೆ ವರ್ಷ ಆದವನು ಹೊಸ ಕಡೆಯವರಿಗೆ ಏನಾದರೂ ನೆವ ಹೇಳಿ ಆರು ತಿಂಗಳು ಎಳೆಯುತ್ತಿದ್ದ. ಗಲ್ಫಿಗೆ ಹೋಗುವ ವೆಲ್ಡರುಗಳು ರಾಜೀನಾಮೆಯ ತಂಟೆಗೇ ಹೋಗುತ್ತಿರಲಿಲ್ಲ. ಅಜ್ಜಿಗೆ ಕಾಯಿಲೆ ಅಂತ ರಜೆ ಹಾಕಿ ವಿಮಾನ ಹತ್ತುವುದು, ಅಲ್ಲಿ ಎರಡು ಸಂಬಳ ಕೈಗೆ ಬಂದ ಮೇಲೆ ಏರ್‌ಮೇಲಿನಲ್ಲಿ ರಾಜೀನಾಮೆ ಕಳಿಸುವುದು. ಸೂಪರಿಂಟೆಂಡೆಂಟರು ಆ ನೀಲಿ ಕಾಗದಗಳನ್ನು ಗಾಜಿನ ಕೆಳಗೆ ಇಡಲಿಲ್ಲ. “ಇವನು ಪಾಸಾದ” ಎಂದು ನೇರ ನಂಬರಿಗೆ ಕೊಡುತ್ತಿದ್ದರು.

ಕೇಂದ್ರ ಸರ್ಕಾರದ ಇಲಾಖೆಗಳಲ್ಲಂತೂ ಈ ಅಭ್ಯಾಸ ನಿಯಮದ ಪುಸ್ತಕದೊಳಗೇ ಕೂತಿತ್ತು. 1972ರ ಪಿಂಚಣಿ ನಿಯಮಗಳಲ್ಲಿ 26ನೆಯದು ಹೇಳುತ್ತಿದ್ದುದು ಇಷ್ಟು: ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೋಯಿತು, ಆದರೆ ಸರಿಯಾದ ಅನುಮತಿ ಪಡೆದು ಸರ್ಕಾರದ ಇನ್ನೊಂದು ಹುದ್ದೆಗೆ ಸೇರಲೆಂದು ಕೊಟ್ಟರೆ ಹೋಗುವುದಿಲ್ಲ. ಅಂಥದ್ದಕ್ಕೆ ‘ತಾಂತ್ರಿಕ ರಾಜೀನಾಮೆ’ ಎಂಬ ಚೆಂದದ ಹೆಸರು. ಹಳೆಯ ಹುದ್ದೆಯ ಮೇಲೆ ಲೀನ್ ಎಂಬ ಹಗ್ಗವೂ ಇರುತ್ತದೆ. ಅಲ್ಲಿ ಸರಿಹೋಗದಿದ್ದರೆ ಹಿಡಿದುಕೊಂಡು ಹಿಂದಕ್ಕೆ ಬರಬಹುದು. ಎರಡು ದೋಣಿಯ ಮೇಲೆ ಕಾಲಿಡಬೇಡ ಅನ್ನುವ ಊರಿನಲ್ಲಿ ಸರ್ಕಾರವೇ ಎರಡನೆಯ ದೋಣಿಯನ್ನು ಮೊದಲನೆಯದಕ್ಕೆ ಕಟ್ಟಿಕೊಟ್ಟಿತ್ತು.

ಆರ್ಡರ್ ಕೈಗೆ ಬರದೆಯೇ ಬಿಟ್ಟವರೂ ಇದ್ದರಲ್ಲ ಎಂದು ನಾನೊಮ್ಮೆ ವಾದಿಸಿದ್ದೆ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಆ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು, ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು, ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಮಾಸ್ತಿಯವರೂ ಕಿರಿಯರೊಬ್ಬರನ್ನು ತಮಗಿಂತ ಮೇಲಕ್ಕೆ ಏರಿಸಿದ್ದಕ್ಕೆ ಮೈಸೂರು ಸಿವಿಲ್ ಸರ್ವಿಸನ್ನು ಬಿಟ್ಟು ಬಂದವರು. ಆಮೇಲೆ ‘ಜೀವನ’ ಪತ್ರಿಕೆ, ಬರವಣಿಗೆ. ಸೂಪರಿಂಟೆಂಡೆಂಟರು ನಶ್ಯದ ಡಬ್ಬಿ ಮುಚ್ಚಿ, “ವಿಶ್ವೇಶ್ವರಯ್ಯನವರಿಗೆ ನದಿಗಳೇ ಆರ್ಡರ್ ಕಳಿಸ್ತಿದ್ವು ಕಣಯ್ಯ. ನಿನಗೆ ಯಾರು ಕಳಿಸ್ತಾರೆ?” ಅಂದರು.

ಅವರಿಗೆ ಬಹಳ ಇಷ್ಟವಾದ ಕಥೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ ಅವರದು. 1977ರ ಮೇ 7ರಂದು ಅವರು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಆಗಸ್ಟ್ 1ರಿಂದ ರಾಜೀನಾಮೆ ಎಂದರು. ಜುಲೈ 15ಕ್ಕೆ ಮನಸ್ಸು ಬದಲಾಯಿಸಿ ಪತ್ರ ಹಿಂತೆಗೆದುಕೊಂಡರು. ಹಾಗೆ ತೆಗೆದುಕೊಳ್ಳಬಹುದೇ? ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಹೇಳಿದ ತಾರೀಖು ಬರುವ ಮೊದಲು ಹಿಂತೆಗೆದುಕೊಳ್ಳಬಹುದು ಎಂದು 1978ರಲ್ಲಿ ತೀರ್ಪಾಯಿತು. “ನೋಡು, ಜಡ್ಜಿಗೇ ಎರಡು ತಿಂಗಳು ಬೇಕಾಯ್ತು ಯೋಚನೆ ಮಾಡೋಕೆ. ನಾನು ಇವರ ಪತ್ರ ಎರಡು ವಾರ ಗಾಜಿನ ಕೆಳಗಿಟ್ಟರೆ ತಪ್ಪೇ?” ಎನ್ನುತ್ತಿದ್ದರು. ಸರ್ಕಾರಿ ನೌಕರನ ರಾಜೀನಾಮೆ ಒಮ್ಮೆ ಅಂಗೀಕಾರವಾದರೆ ಹಿಂದಕ್ಕಿಲ್ಲ ಎಂಬ 1968ರ ಇನ್ನೊಂದು ತೀರ್ಪೂ ಅವರಿಗೆ ಗೊತ್ತಿತ್ತು. ಅದಕ್ಕೇ ನಂಬರಿಗೆ ಅಷ್ಟು ಹೆದರುತ್ತಿದ್ದರು.

ಈಗ ನನ್ನ ವಿಷಯ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಆರಂಭವಾಯಿತು. ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೊಡಿ ಎಂದು ಲಕ್ಷಕ್ಕೂ ಮಿಕ್ಕಿ ಕೆಲಸಗಾರರು 77 ದಿನ ಹೊರಗಿದ್ದರು. ಎರಡೂವರೆ ತಿಂಗಳು ಸಂಬಳವಿಲ್ಲದ ಮನೆಯಲ್ಲಿ ನಾನು ಬ್ಯಾಂಕಿನ ಪರೀಕ್ಷೆಗೆ ಓದಿದೆ. ಅರ್ಜಿಯನ್ನು ‘ಥ್ರೂ ಪ್ರಾಪರ್ ಚಾನೆಲ್’ ಹಾಕಬೇಕಿತ್ತು, ಹಾಕಲಿಲ್ಲ. ಪಾಸಾದೆ. 1982ರಲ್ಲಿ ಬ್ಯಾಂಕಿನಿಂದ ಆರ್ಡರೂ ಬಂತು, ಈಗಿನ ಮಾಲೀಕರಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು ಎಂಬ ಷರತ್ತಿನೊಂದಿಗೆ. ಎನ್‌ಒಸಿ ಫೈಲುಗಳನ್ನು ದಿನವೂ ಓಡಿಸುವವನು ನಾನು. ನನ್ನ ಫೈಲನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. ಅನುಮತಿಯಿಲ್ಲದೆ ಅರ್ಜಿ ಹಾಕಿದ್ದೇಕೆ ಎಂದು ವಿವರಣೆ ಕೇಳಿದರು, ಬರೆದುಕೊಟ್ಟೆ. ಫೈಲು ಮೇಲಿನ ಮಹಡಿಗೆ ಹೋಯಿತು, ಇಳಿಯಿತು, ಮತ್ತೆ ಹತ್ತಿತು. ಬ್ಯಾಂಕಿನವರು ಸೇರಲು ಒಂದು ತಿಂಗಳು ಹೆಚ್ಚಿಗೆ ಕೊಟ್ಟರು. ಅದು ಮುಗಿದ ನಾಲ್ಕನೆಯ ದಿನ ಎನ್‌ಒಸಿಗೆ ಸಹಿ ಬಿತ್ತು.

ಅಷ್ಟರಲ್ಲಿ ನಾನು ರಾಜೀನಾಮೆ ಬರೆದು ಸೂಪರಿಂಟೆಂಡೆಂಟರಿಗೆ ಕೊಟ್ಟಿದ್ದೆ. ಆ ಸಲ ಅವರು ಪ್ರಶ್ನೆ ಕೇಳಲಿಲ್ಲ, ಗಾಜು ಎತ್ತಿ ಕೆಳಗಿಟ್ಟರು. ಅದಕ್ಕೆ ನಂಬರು ಬಿದ್ದಿದ್ದರೆ ಬ್ಯಾಂಕೂ ಇಲ್ಲ, ಕಾರ್ಖಾನೆಯೂ ಇಲ್ಲ. ತಡ ಮಾಡಿದ ಕಚೇರಿಯೇ, ಅದರ ಒಂದು ಮೇಜಿನ ಕೆಟ್ಟ ಪದ್ಧತಿಯಿಂದ, ನನ್ನನ್ನು ಉಳಿಸಿತು. 2014ರಲ್ಲಿ ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ. ಬ್ಯಾಂಕಿಗೆ ಹೋಗಿದ್ದರೆ ಏನಾಗುತ್ತಿದ್ದೆ ಎಂದು ಈಗಲೂ ಪಿಂಚಣಿಯ ದಿನ ಒಮ್ಮೆ ಅನ್ನಿಸುತ್ತದೆ. ಬ್ಯಾಂಕಿನವರ ಪಿಂಚಣಿ ನಮ್ಮ ಇಪಿಎಸ್‌ಗಿಂತ ಎಷ್ಟೋ ಪಾಲು ಮೇಲು!

1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ನಮ್ಮ ಎಂಜಿನಿಯರುಗಳು ಗುರುವಾರ ಸಂದರ್ಶನಕ್ಕೆ ಹೋಗಿ ಸೋಮವಾರ ಪತ್ರ ತರತೊಡಗಿದರು. ಅವರಿಗೆ ಎನ್‌ಒಸಿ ಬೇಡ, ಲೀನ್ ಬೇಡ. ತೊಂಬತ್ತರ ದಶಕದ ಕೊನೆಗೆ ನನ್ನ ಮೇಜಿಗೆ ಬಂದ ಪತ್ರಗಳು ಎರಡೇ ಸಾಲಿನವು, ಕಂಪ್ಯೂಟರಿನಲ್ಲಿ ಅಚ್ಚಾದವು. ಹಳೆಯ ಸೂಪರಿಂಟೆಂಡೆಂಟರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಆ ಕುರ್ಚಿ ನನಗೆ ಬಂದಿತ್ತು. “ಆರ್ಡರ್ ಕೈಗೆ ಬಂತೇನಪ್ಪ?” ಎಂದು ಅಭ್ಯಾಸಬಲದಿಂದ ಕೇಳಿದರೆ ಒಬ್ಬ ಹುಡುಗ, “ಮೂರು ಬಂದಿವೆ ಸಾರ್, ಯಾವುದಕ್ಕೆ ಹೋಗಲಿ ಹೇಳಿ” ಅಂದ.

ಕಾಗದ ಸೋತಿತು ಅಂದುಕೊಂಡೆ. ಇಲ್ಲ, ಬಟ್ಟೆ ಬದಲಿಸಿ ಬಂತು. ರಿಲೀವಿಂಗ್ ಲೆಟರ್ ಇಲ್ಲದೆ ಮುಂದಿನವರು ಸೇರಿಸಿಕೊಳ್ಳದಾದರು. ನ್ಯಾಸ್ಕಾಂ 2006ರಲ್ಲಿ ನೌಕರರ ಪೂರ್ವಾಪರ ನೋಡುವ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಆರಂಭಿಸಿತು. 2014ರಲ್ಲಿ ಬಂದ ಯುಎಎನ್ ನಂಬರಿನಿಂದ ಯಾವ ತಿಂಗಳು ಎಲ್ಲಿ ಪಿ.ಎಫ್. ಕಟ್ಟಿದೆ ಎಂಬುದು ಪರದೆಯ ಮೇಲೆ ಕಾಣುವಂತಾಯಿತು. ಗಲ್ಫ್ ವೆಲ್ಡರುಗಳ ಅಜ್ಜಿಗೆ ಇನ್ನು ಕಾಯಿಲೆ ಬರುವಂತಿಲ್ಲ. ಒಂದು ತಿಂಗಳ ನೋಟಿಸು ಅನೇಕ ಕಂಪನಿಗಳಲ್ಲಿ 90 ದಿನಕ್ಕೆ ಏರಿತು.

ನನ್ನ ಮಗಳು ಸಾಫ್ಟ್‌ವೇರ್ ಟೆಸ್ಟರ್. 2023ರಲ್ಲಿ ಒಂದು ರಾತ್ರಿ ಫೋನು ಮಾಡಿ, “ಅಪ್ಪ, ನೀವು ಕೇಳೋಕೆ ಮುಂಚೇನೇ ಹೇಳ್ತೀನಿ, ಆಫರ್ ಲೆಟರ್ ಕೈಗೆ ಬಂದಿದೆ, ಆಮೇಲೇ ಪೇಪರ್ ಹಾಕಿದೀನಿ” ಅಂದಳು. ನೋಟಿಸಿನ ಅರವತ್ತನೆಯ ದಿನದ ಸುಮಾರಿಗೆ ಹೊಸ ಕಂಪನಿಯವರು ಸೇರುವ ದಿನವನ್ನು ಮುಂದಕ್ಕೆ ಹಾಕಿದರು. ಎಂದು ಎಂಬುದನ್ನು ಹೇಳಲಿಲ್ಲ. ಪತ್ರವನ್ನು ಕಳಿಸು ಅಂದೆ. ಎಂಟು ಪುಟ. ಆರನೆಯ ಪುಟದಲ್ಲಿ, ಕಂಪನಿ ತನ್ನ ಇಚ್ಛೆಯಂತೆ ಈ ಆಫರನ್ನು ಮಾರ್ಪಡಿಸಬಹುದು ಅಥವಾ ಹಿಂಪಡೆಯಬಹುದು ಎಂಬ ಸಾಲಿತ್ತು. ನನ್ನ ಕಾಲದ ಆರ್ಡರು ಒಂದೇ ಪುಟ, ಕೆಳಗೆ ದುಂಡು ಮೊಹರು.

ನಾನು ಅವಳಿಗೆ ಅಲಹಾಬಾದಿನ ಜಡ್ಜಿಯ ಕಥೆ ಹೇಳಿದೆ. ಅದು ನ್ಯಾಯಾಧೀಶರ ವಿಷಯ, ಖಾಸಗಿ ಕಂಪನಿಯಲ್ಲಿ ಅವರ ಕರಾರೇ ನಡೆಯುವುದು, ಆದರೂ ಕೇಳುವುದರಲ್ಲಿ ನಷ್ಟವಿಲ್ಲ ಅಂದೆ. ಅವಳು ಮಾರನೆಯ ದಿನ ರಾಜೀನಾಮೆ ಹಿಂತೆಗೆದುಕೊಳ್ಳುವ ಪತ್ರ ಕೊಟ್ಟಳು. ಮ್ಯಾನೇಜರ್ ಒಳ್ಳೆಯವರು, ಅವಳ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ, ಒಪ್ಪಿದರು. ಈಗಲೂ ಅಲ್ಲೇ ಇದ್ದಾಳೆ.

ಒಂದು ಕೇಳಿಕೆ ಉಳಿದಿದೆ. ನಮ್ಮ ಕಾರ್ಖಾನೆಯಲ್ಲಿ ಬಿಟ್ಟುಹೋದವರ ಫೈಲುಗಳನ್ನು ಕೆಲವು ವರ್ಷ ಇಟ್ಟು ಆಮೇಲೆ ತೂಕಕ್ಕೆ ಹಾಕುತ್ತಿದ್ದರು. ಆ ಮಾರಾಟದ ವೋಚರಿಗೆ ನಾನೇ ಎಷ್ಟೋ ಸಲ ಸಹಿ ಮಾಡಿದ್ದೇನೆ. ಎನ್‌ಜಿಇಎಫ್, ಎಚ್‌ಎಂಟಿ ವಾಚು ಕಾರ್ಖಾನೆಗಳು ಮುಚ್ಚಿಯೇಹೋದವು. ಬೆಂಗಳೂರಿನ ಜನ ಕೆಲಸದಿಂದ ಕೆಲಸಕ್ಕೆ ಹೇಗೆ ದಾಟಿದರು ಎಂಬುದಕ್ಕೆ ಈಗ ಉಳಿದಿರುವ ಸಾಕ್ಷಿ ಮನೆಮನೆಯ ಟ್ರಂಕುಗಳಲ್ಲಿದೆ. ನಿಮ್ಮ ತಂದೆಯದೋ ತಾತನದೋ ಅಪಾಯಿಂಟ್‌ಮೆಂಟ್ ಆರ್ಡರು, ಎನ್‌ಒಸಿ, ನೋ ಡ್ಯೂಸ್ ಹಾಳೆ, ತೋಟದ ಚೀಟಿ, ಸಾಹೇಬರ ಚಿಟ್ ಸಿಕ್ಕರೆ ಗುಜರಿಯವನಿಗೆ ಕೊಡಬೇಡಿ. ಒಂದು ಫೋಟೊ ತೆಗೆದು, ಅದು ಯಾರದು, ಯಾವ ವರ್ಷದ್ದು ಎಂದು ಕಾಗದದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.